ಹತ್ತು ಗುಂಟೆಯ ಹಿಂದೆ ಹೊರಟ ಪ್ರವಾಸ

ಶಿವಮೊಗ್ಗದಿಂದ ಸವಳಂಗದ ಮಾರ್ಗವಾಗಿ ಶಿಕಾರಿಪುರಕ್ಕೆ ಸುಮಾರು 50 ಕಿಲೋಮೀಟರ್. ಮಲೆನಾಡು ಮುಗಿದು ಬಯಲುಸೀಮೆ ಆರಂಭವಾಗುವ ಸೆರಗಿನ ನಾಡು ಇದು. ರಸ್ತೆಯ ಒಂದು ಬದಿಗೆ ಮೆಕ್ಕೆಜೋಳ, ಇನ್ನೊಂದು ಬದಿಗೆ ಅಡಿಕೆ, ನಡುನಡುವೆ ಕೆರೆಗಳು. ಊರಿನ ಹುಚ್ಚರಾಯಸ್ವಾಮಿಗೆ ಕೈಮುಗಿದು, ಕುಮುದ್ವತಿ ನದಿಯ ಅಂಜನಾಪುರ ಜಲಾಶಯ ನೋಡಿ ಹಿಂದಿರುಗುವವರೇ ಹೆಚ್ಚು. ಆದರೆ ಮುಂದೆ ಶಿರಾಳಕೊಪ್ಪದ ದಾರಿ ಹಿಡಿದರೆ ಅಕ್ಕಮಹಾದೇವಿಯ ಉಡುತಡಿ, ಅಲ್ಲಮಪ್ರಭುವಿನ ಬಳ್ಳಿಗಾವಿ, ಕದಂಬರ ತಾಳಗುಂದ ಒಂದರ ಬೆನ್ನಿಗೆ ಒಂದು ಸಿಗುತ್ತವೆ. ಅಲ್ಲಿಂದಾಚೆ ಆನವಟ್ಟಿ, ಸೊರಬ.

ಒಂದು ಶನಿವಾರ ಬೆಳಗಿನ ಜಾವ ಬೆಂಗಳೂರಿನ ರಾತ್ರಿ ಬಸ್ಸಿನಿಂದ ಇಳಿದ ಯುವಕನಿಗೆ ಇವು ಯಾವುದನ್ನೂ ನೋಡುವ ಉದ್ದೇಶವಿರಲಿಲ್ಲ. ಈ ಎರಡು ತಾಲ್ಲೂಕುಗಳ ಸೀಮೆಯ ಹಳ್ಳಿಯೊಂದರ ರೈತನ ಮಗ. ಸರ್ಕಾರಿ ಶಾಲೆಯಲ್ಲಿ ಓದಿ, ಎಂಜಿನಿಯರಿಂಗ್ ಮುಗಿಸಿ, ಈಗ ಬೆಂಗಳೂರಿನ ಕಂಪನಿಯೊಂದರಲ್ಲಿ ಎಂಟು ಮಂದಿ ಸಾಫ್ಟ್‌ವೇರ್ ಬರೆಯುವವರ ನಾಯಕ. ಬಂದದ್ದು ಮನೆಯ ಪಹಣಿಯಲ್ಲಿ ಬಿದ್ದಿದ್ದ ಒಂದು ತಪ್ಪು ಅಂಕಿಯನ್ನು ತಿದ್ದಿಸಲು. ಬಂದ ಮೇಲೆ ತಿಳಿಯಿತು, ಅಂದು ಎರಡನೇ ಶನಿವಾರ, ಸರ್ಕಾರಿ ಕಚೇರಿಗಳಿಗೆ ರಜೆ. ಎಂಟು ಜನರ ರಜೆಯ ಪಟ್ಟಿಯನ್ನು ತಿಂಗಳು ಮೊದಲೇ ಬರೆದಿಡುವವನಿಗೆ ಕ್ಯಾಲೆಂಡರ್ ನೋಡಲು ಮರೆತಿತ್ತು! ತಂದೆ ನಕ್ಕು, "ಬಂದಿದೀಯಲ್ಲ, ತಾಳಗುಂದನಾದ್ರೂ ನೋಡ್ಕೊಂಡು ಬಾ ಮಾರಾಯ. ಶಾಲೆಯವರು ಕರ್ಕೊಂಡು ಹೋದಾಗ ನಿಂಗೆ ಜ್ವರ ಬಂದಿತ್ತು" ಎಂದರು.

ತಾಳಗುಂದದ ಪ್ರಣವೇಶ್ವರ ದೇವಾಲಯ ದೊಡ್ಡದೇನಲ್ಲ. ಎದುರಿಗೆ ನಿಂತಿರುವ ಶಿಲಾಸ್ತಂಭವೇ ಊರಿನ ಹೆಗ್ಗಳಿಕೆ. ಐದನೆಯ ಶತಮಾನದ ಕದಂಬ ದೊರೆ ಶಾಂತಿವರ್ಮನ ಕಾಲದ ಈ ಸಂಸ್ಕೃತ ಶಾಸನದಲ್ಲಿ ಕದಂಬ ವಂಶದ ಕಥೆಯಿದೆ. ಮಯೂರಶರ್ಮನು ಓದಲೆಂದು ಕಂಚಿಗೆ ಹೋಗಿದ್ದು, ಅಲ್ಲಿ ಪಲ್ಲವರ ಸವಾರನೊಡನೆ ಜಗಳವಾಗಿ ಅಪಮಾನಿತನಾಗಿದ್ದು, ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದು ರಾಜ್ಯ ಕಟ್ಟಿದ್ದು, ಕಾಕುತ್ಸ್ಥವರ್ಮನು ಇಲ್ಲಿ ಕೆರೆ ಕಟ್ಟಿಸಿದ್ದು ಎಲ್ಲವೂ ಕಲ್ಲಿನ ಮೇಲಿದೆ. ಇದನ್ನು ರಚಿಸಿದ ಕವಿ ಕುಬ್ಜ. ತನ್ನ ಕಾವ್ಯವನ್ನು ತಾನೇ ಕಲ್ಲಿನ ಮೇಲೆ ಬರೆದೆನೆಂದು ಅವನು ಹೇಳಿಕೊಂಡಿದ್ದಾನೆ. ಹೇಳಿದವನೊಬ್ಬ, ಕೇಳಿಸಿಕೊಂಡವನೊಬ್ಬ, ಬರೆದವನು ಮತ್ತೊಬ್ಬ ಎಂಬ ತಾಪತ್ರಯ ಇಲ್ಲ.

ಇದನ್ನು ಕೇಳಿದಾಗ ಯುವಕನಿಗೆ ಹೊಟ್ಟೆಕಿಚ್ಚಾಗಿದ್ದರೆ ಆಶ್ಚರ್ಯವಿಲ್ಲ. ಅವನ ದಿನಚರಿಯಲ್ಲಿ ಗಿರಾಕಿ ಹೇಳಿದ್ದು ಮಾರಾಟದವನ ಕಿವಿಯಲ್ಲಿ ಒಂದು, ಮ್ಯಾನೇಜರನ ಚೀಟಿಯಲ್ಲಿ ಇನ್ನೊಂದು, ಕೋಡ್ ಬರೆಯುವ ಹುಡುಗನ ಪರದೆಯಲ್ಲಿ ಮತ್ತೊಂದು. ಶುಕ್ರವಾರ ಸಂಜೆ "ಒಂದು ಸಣ್ಣ ಬದಲಾವಣೆ" ಬರುತ್ತದೆ. "ನನ್ನ ಯಂತ್ರದಲ್ಲಿ ಸರಿಯಾಗಿಯೇ ಓಡುತ್ತಿದೆ" ಎಂಬ ಉತ್ತರ ಸೋಮವಾರ ಬರುತ್ತದೆ. ಕೆಲಸ ತಡವಾದರೆ ಮೇಲಿನವರು ಇನ್ನಿಬ್ಬರನ್ನು ಕೊಡುತ್ತಾರೆ. ಆಗ ಅದು ಇನ್ನೂ ತಡವಾಗುತ್ತದೆ.

ಇದು ತಮಾಷೆಯಲ್ಲ. ಐಬಿಎಂ ಕಂಪನಿಯ ದೊಡ್ಡ ತಂತ್ರಾಂಶವೊಂದರ ತಯಾರಿಯ ಹೊಣೆ ಹೊತ್ತಿದ್ದ ಫ್ರೆಡ್ರಿಕ್ ಬ್ರೂಕ್ಸ್ 1975ರ ತಮ್ಮ ಪುಸ್ತಕದಲ್ಲಿ ಈ ಮಾತನ್ನೇ ಹೇಳಿದ್ದಾರೆ. ತಡವಾದ ತಂತ್ರಾಂಶಕ್ಕೆ ಇನ್ನಷ್ಟು ಜನರನ್ನು ಸೇರಿಸಿದರೆ ಅದು ಮತ್ತಷ್ಟು ತಡವಾಗುತ್ತದೆ. ನಾಲ್ಕು ಆಳು ಆರು ದಿನದಲ್ಲಿ ಗೋಡೆ ಕಟ್ಟಿದರೆ ಎಂಟು ಆಳು ಎಷ್ಟು ದಿನದಲ್ಲಿ ಕಟ್ಟುತ್ತಾರೆ ಎಂದು ಶಾಲೆಯಲ್ಲಿ ಲೆಕ್ಕ ಕೊಡುತ್ತೇವಲ್ಲ, ಅದು ಇಲ್ಲಿ ನಡೆಯದು. ಹೊಸಬರಿಗೆ ಹೇಳಿಕೊಡಲು ಹಳಬರ ಕೆಲಸ ನಿಲ್ಲಬೇಕು. ಹೊಸಬರು ಹಳಬರು ಒಬ್ಬರೊಡನೊಬ್ಬರು ಮಾತಾಡುವುದರಲ್ಲೇ ಅರ್ಧ ದಿನ ಹೋಗುತ್ತದೆ.

ತಾಳಗುಂದದಿಂದ ಬಳ್ಳಿಗಾವಿ ಹತ್ತಿರ. ಕೇದಾರೇಶ್ವರ, ತ್ರಿಪುರಾಂತಕ ದೇವಾಲಯಗಳ ಶಿಲ್ಪ ನೋಡಲು ಒಂದು ದಿನ ಸಾಲದು. ಪಹಣಿಯ ಚಿಂತೆ ಹೊತ್ತು ಬಂದವನಿಗೆ ಮಾತ್ರ ಅಲ್ಲಿನ ಗಂಡಭೇರುಂಡ ಸ್ತಂಭವೇ ಹೆಚ್ಚು ಹತ್ತಿರವೆನಿಸಿತು. 1047ರಲ್ಲಿ ನಿಂತ ಕಂಬವಿದು. ಈ ಸೀಮೆಯ ಶಾಸನಗಳಲ್ಲಿ ಭೂಮಿ ಅಳೆಯುವ 'ಭೇರುಂಡ ಗಳೆ'ಯ ಮಾತು ಬರುತ್ತದೆ. ಗಳೆ ಎಂದರೆ ಅಳತೆಯ ಕೋಲು. ದಾನಶಾಸನಗಳಲ್ಲಿ ಯಾರು ಕೊಟ್ಟರು, ಯಾರಿಗೆ ಕೊಟ್ಟರು, ಎಷ್ಟು ಮತ್ತರು, ಮೂಡಲಿಗೆ ಯಾವ ಹಳ್ಳ, ತೆಂಕಲಿಗೆ ಯಾವ ಕಲ್ಲು ಎಂಬುದೆಲ್ಲ ಬರುತ್ತದೆ. ಅಂದಿನ ಪಹಣಿಯೇ ಅದು. ಕೊನೆಯಲ್ಲಿ ಅಳಿಸಿದವನಿಗೆ ಶಾಪ. ಇಂದಿನ ಕಂಪ್ಯೂಟರಿನಲ್ಲಿ ಶಾಪದ ಬದಲು ಪಾಸ್‌ವರ್ಡ್ ಇದೆ, ಅಷ್ಟೆ.

ಬಿ.ಎಲ್. ರೈಸ್ ಅವರು ಈ ಶಾಸನಗಳನ್ನು ಹಳ್ಳಿ ಹಳ್ಳಿ ಸುತ್ತಿಸಿ ಪ್ರತಿ ಮಾಡಿಸಿ ಪ್ರಕಟಿಸಿದರು. 'ಎಪಿಗ್ರಾಫಿಯಾ ಕರ್ನಾಟಿಕಾ'ದ 7ನೇ ಸಂಪುಟದಲ್ಲಿ (1902) ಶಿಕಾರಿಪುರ, 8ನೇ ಸಂಪುಟದಲ್ಲಿ (1904) ಸೊರಬ ಬರುತ್ತವೆ. ಪ್ರತಿ ಶಾಸನಕ್ಕೂ ತಾಲ್ಲೂಕಿನ ಹೆಸರು, ಒಂದು ಕ್ರಮಸಂಖ್ಯೆ. ಹುಡುಕಿದ್ದು ತಕ್ಷಣ ಸಿಗುವ ಇಂಥ ಏರ್ಪಾಡಿಗೇ ಇಂದಿನವರು ಡೇಟಾಬೇಸ್ ಎನ್ನುತ್ತಾರೆ.

ಭಾನುವಾರ ಸೊರಬದ ನೆಂಟರ ಮನೆ. ದಂಡಾವತಿ ನದಿ, ರಂಗನಾಥನ ಗುಡಿ, ಗುಡಿಗಾರರ ಕೆತ್ತನೆ ಇವಕ್ಕೆ ಹೆಸರಾದ ಊರು. ಆದರೆ 'ಕಂಪ್ಯೂಟರ್ ಗೊತ್ತಿರುವವ' ಬಂದಿದ್ದಾನೆಂದು ತಿಳಿಯುತ್ತಲೇ ಒಬ್ಬರು ಮೊಬೈಲ್ ತಂದರು, ಇನ್ನೊಬ್ಬರು ಟಿವಿಯ ರಿಮೋಟ್ ಹಿಡಿದು ಬಂದರು. ಎಂಜಿನಿಯರಿಂಗ್ ಓದಲಿರುವ ಮಕ್ಕಳು ಇದಕ್ಕೆ ಈಗಲೇ ಸಿದ್ಧರಾಗಿರುವುದು ಒಳ್ಳೆಯದು.

ಅಲ್ಲಿ ಅವನು ಹೇಳಿದ ಒಂದು ಪ್ರಸಂಗ ವಿದ್ಯಾರ್ಥಿಗಳಿಗೆ ರುಚಿಸಬಹುದು. ಅವನ ತಂಡ ತಯಾರಿಸಿದ ತಾಲ್ಲೂಕುಗಳ ಪಟ್ಟಿಯಲ್ಲಿ ಸೊರಬ ಎರಡು ಸಲ ಬಂದಿತ್ತು. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಮಾತ್ರ ಬೇರೆ ಬೇರೆ. "ನಿಮ್ಮ ಸೀಮೆಯಲ್ಲಿ ಎರಡು ಸೊರಬ ಇವೆಯೇ?" ಎಂದು ಸಹೋದ್ಯೋಗಿಗಳು ಎರಡು ದಿನ ಅವನನ್ನು ಗೇಲಿ ಮಾಡಿದರು. ಕಾರಣ ಇಷ್ಟೆ. ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ಲೋಕದ ಭಾಷೆಗಳಿಗೆಲ್ಲ ಸಂಖ್ಯೆ ಕೊಟ್ಟಿರುವ ಯುನಿಕೋಡ್‌ನಲ್ಲಿ 'ಸೊ' ಬರೆಯಲು ಸಕಾರದ ಜೊತೆಗೆ ಒತ್ವದ ಒಂದು ಸಂಖ್ಯೆ ಸಾಕು. ಅದರ ಬದಲು ಎತ್ವದ ಒಂದು, ಊಕಾರದ ಕೊಂಬಿನ ಒಂದು, ಹೀಗೆ ಎರಡು ಸಂಖ್ಯೆ ಕೊಟ್ಟರೂ ಪರದೆಯ ಮೇಲೆ ಅದೇ 'ಸೊ' ಮೂಡುತ್ತದೆ. ಒಂದು ಸೊರಬದಲ್ಲಿ ನಾಲ್ಕು ಸಂಖ್ಯೆ, ಇನ್ನೊಂದರಲ್ಲಿ ಐದು! ಹೋಲಿಸುವ ಮುನ್ನ ಎರಡನ್ನೂ ಒಂದೇ ರೂಪಕ್ಕೆ ತರಬೇಕೆಂಬ ನಿಯಮವಿದೆ. ಅದನ್ನು ಪಾಲಿಸದೆ ಹೋದದ್ದೇ ತಪ್ಪು.

ಸೋಮವಾರ ತಾಲ್ಲೂಕು ಕಚೇರಿ. ತಂದೆ, ಮಗ, ಜೊತೆಗೆ ಚಿಕ್ಕಮ್ಮ. ಚಿಕ್ಕಪ್ಪ ತೀರಿಕೊಂಡು ವರ್ಷವಾಗಿತ್ತು. ಅವರ ಪಾಲಿನ ಜಮೀನು ಪೌತಿ ಖಾತೆಯಾಗಿ ಚಿಕ್ಕಮ್ಮನ ಹೆಸರಿಗೆ ಬಂದರೆ ಮಾತ್ರ ಸೊಸೈಟಿಯ ಬೆಳೆಸಾಲ. ಅದು ನಿಂತಿದ್ದು ಪಹಣಿಯ 3 ಮತ್ತು 9ನೇ ಕಾಲಂ ತಾಳೆಯಾಗದೆ. 3ರಲ್ಲಿ ಸರ್ವೆ ನಂಬರಿನ ವಿಸ್ತೀರ್ಣ, 9ರಲ್ಲಿ ಯಾರ ಹೆಸರಿಗೆ ಎಷ್ಟು ಎಂಬುದು. 3ರಲ್ಲಿ ಇದ್ದದ್ದು 4 ಎಕರೆ 10 ಗುಂಟೆ. 9ರಲ್ಲಿ ಅಣ್ಣನಿಗೆ 2 ಎಕರೆ 30 ಗುಂಟೆ, ತಮ್ಮನಿಗೆ 1 ಎಕರೆ 30 ಗುಂಟೆ. ಮಕ್ಕಳು ಕೂಡಿಸಿ ನೋಡಲಿ, ಆದರೆ ದಶಮಾಂಶದ ಲೆಕ್ಕದಲ್ಲಿ ಅಲ್ಲ. ಎಕರೆಗೆ 40 ಗುಂಟೆ, ಗುಂಟೆಗೆ 16 ಆಣೆ. ಮೊತ್ತ 4 ಎಕರೆ 20 ಗುಂಟೆ. ಇಲ್ಲದ ಹತ್ತು ಗುಂಟೆ ಕಾಗದದ ಮೇಲೆ ಹುಟ್ಟಿಕೊಂಡಿತ್ತು.

"ಎಂಟು ಜನರನ್ನ ನಡೆಸ್ತೀಯ, ಒಂದು ಅಂಕಿ ತಿದ್ದೋಕಾಗಲ್ವ?" ಎಂದು ತಂದೆ ಕೇಳಿದ್ದರು. ಅವರ ಚಿಂತೆ ಸಾಲದ್ದಷ್ಟೇ ಅಲ್ಲ. ತಿದ್ದಿದರೆ ಕಡಿಮೆಯಾಗುವುದು ತಮ್ಮನ ಪಾಲು. "ಗಂಡ ಸತ್ತೋಳ ಹತ್ತು ಗುಂಟೆ ಭಾವ ಹೊಡ್ಕೊಂಡ ಅಂತ ಊರಲ್ಲಿ ಮಾತಾಗತ್ತೆ" ಎಂಬ ಭಯ.

ಈ ಸೀಮೆಯಲ್ಲಿ ಪಹಣಿಯ ಹೆಸರಿಗೆ ಇರುವ ಬೆಲೆ ಹೊರಗಿನವರಿಗೆ ಸುಲಭವಾಗಿ ತಿಳಿಯದು. ಪಕ್ಕದ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹ ಮಾಡಿದರು. ದೇವರಾಜ ಅರಸರ ಕಾಲದ 1974ರ ಭೂಸುಧಾರಣೆ ತಿದ್ದುಪಡಿಯ ನಂತರ ಉಳುವವರ ಹೆಸರು ಪಹಣಿಗೆ ಬಂತು. ಈ ಮನೆಯ ಅಜ್ಜ ಭೂನ್ಯಾಯ ಮಂಡಳಿಯ ಮುಂದೆ ನಿಂತು ಪಡೆದದ್ದೂ ಅದೇ ಜಮೀನು.

ಮೊದಲು ಈ ಪಹಣಿಗಳು ಗ್ರಾಮ ಲೆಕ್ಕಿಗರ ಕೈಬರಹದಲ್ಲಿ, ಅವರ ಚೀಲದಲ್ಲಿ ಇರುತ್ತಿದ್ದವು. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ಮುಂದಾಳತ್ವದಲ್ಲಿ, ರಾಷ್ಟ್ರೀಯ ಮಾಹಿತಿ ಕೇಂದ್ರದ ತಂತ್ರಾಂಶದೊಂದಿಗೆ, 'ಭೂಮಿ' ಯೋಜನೆ 2000ದ ಆಸುಪಾಸಿನಲ್ಲಿ ತಾಲ್ಲೂಕು ಕಚೇರಿಗಳಿಗೆ ಬಂತು. ಸುಮಾರು 67 ಲಕ್ಷ ರೈತರ ಎರಡು ಕೋಟಿ ದಾಖಲೆಗಳನ್ನು ಕಂಪ್ಯೂಟರಿಗೆ ತುಂಬಬೇಕಾಯಿತು. ಹಿಂದೆ ನಡೆದ ಪ್ರಯತ್ನಗಳು ಸೋತಿದ್ದವು. ದಾಖಲೆ ತುಂಬಿದರೂ ಆಮೇಲಿನ ಬದಲಾವಣೆಯನ್ನು ಸೇರಿಸುವ ವ್ಯವಸ್ಥೆ ಅವುಗಳಲ್ಲಿರಲಿಲ್ಲ. ಇಲ್ಲಿ ಅರ್ಜಿಗಳು ಬಂದ ಸರದಿಯಲ್ಲೇ ಹೋಗುವಂತೆ ಮಾಡಿದರು. ಪಾಸ್‌ವರ್ಡ್ ಇನ್ನೊಬ್ಬರಿಗೆ ಹೇಳಿಬಿಡುತ್ತಾರೆಂದು ಸಿಬ್ಬಂದಿಯ ಬೆರಳಚ್ಚು ಕೇಳುವ ಯಂತ್ರವಿಟ್ಟರು. ರೈತನಿಗೆ ಕಾಣುವಂತೆ ಎರಡನೆಯ ಪರದೆಯೊಂದನ್ನು ಅವನ ಕಡೆಗೆ ತಿರುಗಿಸಿಟ್ಟರು. ಲಂಚ ಕೊಟ್ಟು ಕಾಯುತ್ತಿದ್ದ ಪಹಣಿ ಹದಿನೈದು ರೂಪಾಯಿಗೆ ಕೈಗೆ ಬಂತು. ತುಂಬುವಾಗ ಕೈಬರಹ ಓದಿ ಬೆರಳಚ್ಚು ಮಾಡಿದವರಿಗೆ ಮಾತ್ರ ಆ ಹೊಲ, ಆ ಮನೆ ಗೊತ್ತಿರಲಿಲ್ಲ. ಅವರ ಕಣ್ಣಿಗೆ ಬಿದ್ದದ್ದು ಅಂಕಿ.

ಕೌಂಟರಿನ ಹೆಣ್ಣುಮಗಳು ಎಲ್ಲ ಕೇಳಿ, "ಸರ್, ಕಂಪ್ಯೂಟರ್ ತಪ್ಪು ಮಾಡಿಲ್ಲ. ತಪ್ಪಿದೆ ಅಂತ ತೋರಿಸ್ತಾ ಇದೆ. ಯಾವುದು ಸರಿ ಅಂತ ಅದಕ್ಕೆ ಗೊತ್ತಿಲ್ಲ" ಎಂದರು. ತನ್ನ ತಂಡದವರಿಗೆ ಇವನು ವಾರಕ್ಕೊಮ್ಮೆ ಹೇಳುವ ಮಾತದು!

ರೆಕಾರ್ಡ್ ರೂಮಿನಿಂದ ಹಳೆಯ ಕೈಬರಹದ ಪಹಣಿ ಬರಲು ಮಧ್ಯಾಹ್ನವಾಯಿತು. ತಮ್ಮನ ಹೆಸರಿನ ಮುಂದೆ ಕನ್ನಡ ಅಂಕಿಗಳು. ೨೦ ಎನ್ನಬಹುದು, ೩೦ ಎಂದರೂ ತಪ್ಪೆನ್ನುವಂತಿಲ್ಲ. ಬಾಲದ ಹತ್ತಿರ ಶಾಯಿ ಹರಡಿತ್ತು. ೨ ಮತ್ತು ೩ರ ನಡುವೆ ಇರುವುದು ಒಂದು ಸಣ್ಣ ಸುಳಿ ಮಾತ್ರ. ಆ ಸುಳಿಯ ಮೇಲೆ ಒಂದು ಕುಟುಂಬ ಕೂತಿತ್ತು.

ಆಗ ಗುಮಾಸ್ತರಿಗೆ ಒಂದು ಹೊಳೆಯಿತು. ಅಣ್ಣತಮ್ಮಂದಿರ ಪಾಲಾದಾಗ ಬರೆದ ಎಂ.ಆರ್. ವಹಿ ತರಿಸಿದರು. ಅದರಲ್ಲಿ ವಿಸ್ತೀರ್ಣವನ್ನು ಅಂಕಿಯಲ್ಲಿ ಬರೆದು ಪಕ್ಕದಲ್ಲಿ ಅಕ್ಷರದಲ್ಲಿಯೂ ಬರೆಯಲಾಗಿತ್ತು. ಅವರು ಅದನ್ನು ತಾವು ಓದಲಿಲ್ಲ. ವಹಿಯನ್ನು ಚಿಕ್ಕಮ್ಮನ ಕಡೆಗೆ ತಿರುಗಿಸಿದರು. ಏಳನೇ ಕ್ಲಾಸಿನವರೆಗೆ ಓದಿದ್ದ ಆಕೆ ಬೆರಳಿಟ್ಟು ನಿಧಾನವಾಗಿ ಓದಿದರು: "ಒಂದು ಎಕರೆ ಇಪ್ಪತ್ತು ಗುಂಟೆ." ಮತ್ತೊಮ್ಮೆ ಓದಿ, "ಸರಿ ಭಾವ, ಇರೋದೇ ಅಷ್ಟು. ಅವರೂ ಹಾಗೇ ಹೇಳ್ತಿದ್ರು" ಎಂದರು. ತಂದೆ ಕಿಟಕಿಯ ಕಡೆ ನೋಡುತ್ತಾ ನಿಂತಿದ್ದರು.

ಅಂಕಿ ಅಂದೇ ಬದಲಾಗಲಿಲ್ಲ, ಬದಲಾಗಬಾರದು ಕೂಡ. ತಿದ್ದುಪಡಿಯ ಅರ್ಜಿಗೆ ಗ್ರಾಮ ಆಡಳಿತಾಧಿಕಾರಿಯ ವರದಿ ಬೇಕು, ತಹಶೀಲ್ದಾರರ ಆದೇಶ ಬೇಕು. ಅರ್ಜಿಯ ಜೊತೆಗೆ ಲಗತ್ತಿಸಲು ಈಗಿನ ಪಹಣಿಯ ಪ್ರತಿ ಕೇಳಿದಾಗ ಪ್ರಿಂಟರ್ ಕಾಗದ ಎಳೆಯಲಿಲ್ಲ. ಹಿಂದೆ ಸಾಲಿನಲ್ಲಿದ್ದವರು ಗೊಣಗಿದರು. ತಂದೆ ಮಗನ ಮುಖ ನೋಡಿದರು. ಅವನು ಕೌಂಟರಿನ ಆಚೆಗೆ ಹೋಗಿ ಮುಚ್ಚಳ ತೆಗೆದು, ಒಳಗೆ ಸುತ್ತಿಕೊಂಡಿದ್ದ ಹರಕು ಕಾಗದವನ್ನು ಎಳೆದು ತೆಗೆದ. ಯಂತ್ರ ಒಮ್ಮೆ ಕೆಮ್ಮಿ ಓಡತೊಡಗಿತು. ಮೊದಲು ಹೊರಬಂದ ಹಾಳೆ ಅವರದೇ ಪಹಣಿ. ತಮ್ಮನ ಹೆಸರಿನ ಮುಂದೆ 1 ಎಕರೆ 30 ಗುಂಟೆ ಹಾಗೆಯೇ ಇತ್ತು.

ತಂದೆ ಅದನ್ನು ಬೆಳಕಿಗೆ ಹಿಡಿದು ನೋಡಿ, "ಪ್ರಿಂಟ್ ಮಾತ್ರ ಚೆನ್ನಾಗಿ ಬಂದಿದೆ" ಎಂದು ಮಡಚಿ ಚೀಲಕ್ಕೆ ಹಾಕಿಕೊಂಡರು.