ಇಳಿಸಿದ ಕೈ

ಕಟಪಾಡಿಯಿಂದ ಪಡುವಣಕ್ಕೆ ಸಾಗಿದ ದಾರಿಯು ಕಡಲನ್ನು ಮುಟ್ಟುವ ಮೊದಲು ಮಟ್ಟು ಎಂಬ ಊರನ್ನು ಹಾಯುತ್ತದೆ. ಹೊರಗಿನ ಜನರು ಈ ಊರನ್ನು ಬಲ್ಲುದು ಅಲ್ಲಿಯ ಗುಳ್ಳದಿಂದ. ತೆಳುಸಿಪ್ಪೆಯ, ಎಳೆಹಸುರು ಬಣ್ಣದ, ಗುಂಡಗಿನ ಆ ಬದನೆಗೆ 2011ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆಯು ದೊರೆಯಿತು. ಅದರ ಬೀಜವನ್ನು ಶ್ರೀ ವಾದಿರಾಜ ಸ್ವಾಮಿಗಳು ಅನುಗ್ರಹಿಸಿದರೆಂಬ ಐತಿಹ್ಯವು ಆ ಮನ್ನಣೆಗಿಂತ ಎಷ್ಟೋ ಹಳೆಯದು. ಇಂತಹ ಊರಿನಲ್ಲಿ, ಗುಳ್ಳದ ಗದ್ದೆಯ ಅಂಚಿನ ಮನೆಯೊಂದರಲ್ಲಿ, ದಿನವೂ ಬೆಳಗಿನ ಐದು ಗಂಟೆಗೆ ಗೃಹಸ್ಥನೊಬ್ಬನು ಪಿಸ್ತೂಲನ್ನು ಹಿಡಿದು ನಿಲ್ಲುವನೆಂದರೆ ವಾಚಕರು ಬೆಚ್ಚಬಹುದು. ಬೆಚ್ಚಬೇಕಾದುದಿಲ್ಲ. ಅವನ ಕೈಯಲ್ಲಿರುವುದು ಒತ್ತಿದ ಗಾಳಿಯಿಂದ ನಡೆಯುವ ಆಟದ ಆಯುಧ. ಅದರ ಗುಂಡು ನಾಲ್ಕೂವರೆ ಮಿಲಿಮೀಟರು ದಪ್ಪದ ಸೀಸದ ಚೂರು. ಚಾವಡಿಯ ಹೊಸ್ತಿಲಿನಿಂದ ಕೊಟ್ಟಿಗೆಯ ಗೋಡೆಗೆ ಸರಿಯಾಗಿ ಹತ್ತು ಮೀಟರು. ಆ ಗೋಡೆಗೆ ಕಟ್ಟಿದ ಗುರಿಯ ನಡುವಿನ ವೃತ್ತಕ್ಕೆ ಬಿದ್ದ ಏಟಿಗೆ ಹತ್ತು ಅಂಕ. ಆ ವೃತ್ತದ ಅಗಲವು ಹನ್ನೊಂದೂವರೆ ಮಿಲಿಮೀಟರು, ಎಂದರೆ ಒಂದು ಕಡಲೆಕಾಳನ್ನಿಟ್ಟರೆ ಸುತ್ತಲೂ ತುಸುವೇ ಎಡೆ ಉಳಿಯುವಷ್ಟು.

ಉಡುಪಿಯ ಕಚೇರಿಯೊಂದರಲ್ಲಿ ಲೆಕ್ಕ ಬರೆಯುವ ಈ ಗೃಹಸ್ಥನು ನಲವತ್ತೈದು ದಾಟಿದ ಮೇಲೆ ಈ ವಿದ್ಯೆಗೆ ಕೈಹಾಕಿದವನು. ನೆರೆಹೊರೆಯವರು ಮೊದಮೊದಲು ನಕ್ಕರು. ಗುಳ್ಳ ಬೆಳೆದರೆ ನಾಲ್ಕು ಕಾಸು ಬಂದೀತು, ಗೋಡೆಗೆ ಗುಂಡು ಹೊಡೆದರೆ ಏನು ಬಂದೀತು ಎಂದು ಕೇಳಿದರು. ಅವನು ಉತ್ತರ ಹೇಳಲಿಲ್ಲ. ಕೆಲವು ಕಾಲದಲ್ಲಿ ಪ್ರಶ್ನೆಯೂ ಹಳೆಯದಾಯಿತು.

ಈ ಆಟದ ಕಟ್ಟಳೆಗಳು ಬಹು ಬಿಗಿಯಾದುವು. ಪಿಸ್ತೂಲಿನ ತೂಕವು ಒಂದೂವರೆ ಕಿಲೋಗ್ರಾಮನ್ನು ಮೀರಬಾರದು. ಅದು 420 ಮಿಲಿಮೀಟರು ಉದ್ದ, 200 ಮಿಲಿಮೀಟರು ಎತ್ತರ, 50 ಮಿಲಿಮೀಟರು ಅಗಲದ ಪೆಟ್ಟಿಗೆಯೊಳಗೆ ಹಿಡಿಯಬೇಕು. ಅದರ ಕುದುರೆಯು ಕನಿಷ್ಠ 500 ಗ್ರಾಮಿನ ಭಾರವನ್ನು ತಡೆದು ನಿಲ್ಲಬೇಕು. ಹಿಡಿಯುವುದು ಒಂದೇ ಕೈಯಲ್ಲಿ. ಮಣಿಕಟ್ಟಿಗೆ ಯಾವ ಆಸರೆಯೂ ಇರಕೂಡದು. ಇವೆಲ್ಲ ಎಲ್ಲ ಊರಿನವರಿಗೂ ಸಮಾನವಾದ ಕಷ್ಟಗಳು. ಮಟ್ಟುವಿನವನಿಗೆ ಇನ್ನೊಂದು ಕಷ್ಟವಿದೆ, ಅದು ಕಡಲಗಾಳಿ. ಒಂದು ರಾತ್ರಿ ಎಣ್ಣೆಯ ಬಟ್ಟೆಯಿಂದ ಒರಸದೆ ಇಟ್ಟರೆ ಉಕ್ಕಿನ ಮೇಲೆ ಉಪ್ಪು ತನ್ನ ಕೆಂಪು ಮುದ್ರೆಯನ್ನು ಒತ್ತಿಬಿಡುವುದು. ಆಷಾಢದ ತೇವಕ್ಕೆ ಅಕ್ರೋಟು ಮರದ ಹಿಡಿಯು ಉಬ್ಬಿ, ಅಂಗೈಗೆ ಒಗ್ಗಿದ್ದುದು ಒಗ್ಗದಂತಾಗುವುದು. ಗುಂಡುಗಳನ್ನಂತೂ ಅವನು ರಾತ್ರಿ ದೀಪದಡಿಯಲ್ಲಿ ಭೂತಗನ್ನಡಿ ಹಿಡಿದು ಒಂದೊಂದಾಗಿ ನೋಡುವನು. ಅಂಚು ಕಿಂಚಿತ್ತು ತಗ್ಗಿದ್ದರೆ ಅದು ಅಭ್ಯಾಸದ ಡಬ್ಬಿಗೆ, ದುಂಡಗಿದ್ದರೆ ಪಂದ್ಯದ ಡಬ್ಬಿಗೆ. ಅದೇ ದೀಪದ ಆಚೆಬದಿಯಲ್ಲಿ ಮನೆಯಾಕೆಯು ಮೊರವನ್ನು ಮುಂದಿಟ್ಟುಕೊಂಡು ಅಕ್ಕಿಯ ಕಲ್ಲನ್ನು ಆರಿಸುತ್ತಿರುವಳು. ಇಬ್ಬರ ಕೆಲಸವೂ ಒಂದೇ ಬಗೆಯದು.

ಆದರೆ ಸಲಕರಣೆಯೇ ವಿದ್ಯೆಯಲ್ಲ. ತೋಳನ್ನು ಮೇಲೆತ್ತಿ, ಹಿಂದಿನ ಕಚ್ಚಿನ ನಡುವೆ ಮುಂದಿನ ಗುರುತನ್ನು ನಿಲ್ಲಿಸಿ, ಗುರಿಯು ಮಸುಕಾಗಿ ಕಂಡರೂ ಗುರುತು ಸ್ಪಷ್ಟವಾಗಿರುವಂತೆ ದೃಷ್ಟಿಯನ್ನು ಹಿಡಿದು, ಬೆರಳನ್ನು ಮೆಲ್ಲನೆ ಒತ್ತಬೇಕು. ಇದಕ್ಕೆ ಸಲ್ಲುವ ಕಾಲವು ಕೆಲವೇ ಕ್ಷಣಗಳು. ಅಷ್ಟರಲ್ಲಿ ಏಟು ಹೊರಡದಿದ್ದರೆ ಉಸಿರು ಕಟ್ಟುವುದು, ಕಣ್ಣು ದಣಿಯುವುದು, ತೋಳು ನಡುಗುವುದು. ಆಗ ಮಾಡಬೇಕಾದುದು ಒಂದೇ: ಕೈಯನ್ನು ಇಳಿಸುವುದು. ಕೇಳಲು ಇದು ಸುಲಭ. ಎತ್ತಿದ ಕೈಯನ್ನು ಹೊಡೆಯದೆ ಇಳಿಸಲು ಮನಸ್ಸು ಒಪ್ಪುವುದಿಲ್ಲ; ಇಷ್ಟು ಹೊತ್ತು ಹಿಡಿದೆನಲ್ಲ, ಇನ್ನೊಂದು ಕ್ಷಣ ಎಂದು ಹಟ ಹಿಡಿಯುವುದು. ಕೆಟ್ಟ ಏಟುಗಳಲ್ಲಿ ಬಹುಪಾಲು ಈ ಇನ್ನೊಂದು ಕ್ಷಣದಲ್ಲಿ ಹುಟ್ಟಿದವುಗಳೇ. ಎತ್ತುವುದನ್ನು ಕಲಿಯಲು ತಿಂಗಳು ಸಾಕು. ಇಳಿಸುವುದನ್ನು ಕಲಿಯಲು ವರ್ಷಗಳು ಬೇಕು. ಮಟ್ಟುವಿನ ಈ ಗೃಹಸ್ಥನು ಆ ಎರಡನೆಯ ಪಾಠವನ್ನು ಪಿಸ್ತೂಲು ಹಿಡಿಯುವುದಕ್ಕೆ ಬಹಳ ಮೊದಲೇ, ಬಾಲ್ಯದಲ್ಲಿ, ತಾಯಿಯ ತವರಿನಲ್ಲಿ ಕಲಿತಿದ್ದನು.

ತವರು ಇದ್ದುದು ಕಾರ್ಕಳದ ಮೂಡಲಿಗೆ, ಘಟ್ಟದ ಬುಡದ ಮಾಳದಲ್ಲಿ. ಅಜ್ಜನಲ್ಲಿ ಬೆಳೆಯ ರಕ್ಷಣೆಗೆಂದು ಪರವಾನಗಿ ಪಡೆದ ಒಂದು ಕೇಪಿನ ಕೋವಿ ಇತ್ತು. ಚುನಾವಣೆ ಬಂದಾಗಲೆಲ್ಲ ಅದನ್ನು ಪೊಲೀಸು ಠಾಣೆಯಲ್ಲಿ ಒಪ್ಪಿಸಿ ರಸೀದಿ ತರುವುದು ವಾಡಿಕೆ. ಅದು ತೋಟೆಯ ಕೋವಿಯಲ್ಲ. ಪ್ರತಿಯೊಂದು ಈಡನ್ನೂ ಹೊಡೆಯುವವನೇ ನಳಿಗೆಯ ಬಾಯಿಯಿಂದ ತುಂಬಬೇಕು. ಮೊದಲು ಬಿದಿರಿನ ಅಳತೆಗೊಳವೆಯಲ್ಲಿ ಮದ್ದು, ಅದರ ಮೇಲೆ ತೆಂಗಿನ ನಾರು, ಸಲಾಕೆಯಿಂದ ಜಡಿದ ಬಳಿಕ ಚರೆ, ಮತ್ತೆ ನಾರು, ಕೊನೆಗೆ ಹಿಂಬದಿಯ ಮೊಲೆಯ ಮೇಲೆ ಕೇಪು. ಸಲಾಕೆಯ ಮೇಲೆ ಅಜ್ಜನು ಒಂದು ಗೀರನ್ನು ಎಳೆದಿದ್ದನು. ಈಡು ಸರಿಯಿದ್ದರೆ ಆ ಗೀರು ನಳಿಗೆಯ ಬಾಯಿಗೆ ಸಮನಾಗಿ ನಿಲ್ಲುವುದು.

ಅದೊಂದು ನವರಾತ್ರಿಯ ರಜೆ. ಏಣೆಲು ಬೆಳೆಯ ಕೊಯ್ಲಿಗೆ ವಾರವೊಂದು ಉಳಿದಿತ್ತು. ಮಧ್ಯರಾತ್ರಿಯ ಹೊತ್ತಿಗೆ ಗದ್ದೆಯ ಆಚೆಬದಿಯಲ್ಲಿ ಹಂದಿಗಳ ಸದ್ದು ಕೇಳಿಸಿತು. ಅಜ್ಜನು ಲಾಟೀನಿನ ಬೆಳಕಿನಲ್ಲಿ ಈಡು ತುಂಬಲು ಕುಳಿತನು. ಹಂದಿಗಳನ್ನು ಸದ್ದಿನಿಂದ ಬೆದರಿಸಿದರೆ ಸಾಕೆಂಬುದು ಅವನ ಎಣಿಕೆ. ಬಾಲಕನಿಗೆ ಉತ್ಸಾಹ ತಡೆಯಲಿಲ್ಲ. ಎಷ್ಟು ಹಂದಿಗಳು, ಎಷ್ಟು ದೂರ, ತನಗೂ ಮುಟ್ಟಲು ಕೊಡುವೆಯಾ ಎಂದು ಒಂದರ ಮೇಲೊಂದು ಪ್ರಶ್ನೆ ಕೇಳಿದನು. ಅಜ್ಜನು ಉತ್ತರಿಸುತ್ತಲೇ ತುಂಬಿದನು. ಸಲಾಕೆಯನ್ನು ಇಳಿಬಿಟ್ಟು ನೋಡಿದಾಗ ಗೀರು ಬಾಯಿಯಿಂದ ಒಂದು ಬೆರಳು ಮೇಲೆ ನಿಂತಿತ್ತು. ನಾರು ಹೆಚ್ಚಾಯಿತೋ, ಮಾತಿನ ಭರದಲ್ಲಿ ಮದ್ದನ್ನೇ ಎರಡು ಸಲ ಸುರಿದುದಾಯಿತೋ ನೆನಪಿಗೆ ಬರಲಿಲ್ಲ. ಆ ಹಳೆಯ ನಳಿಗೆಯಲ್ಲಿ ಮದ್ದು ಇಮ್ಮಡಿಯಾಗಿದ್ದರೆ ಅದು ಸೀಳಬಹುದು. ಸೀಳಿದರೆ ಹೋಗುವುದು ಹೊಡೆದವನ ಕೈ ಮತ್ತು ಕಣ್ಣು. ಅಜ್ಜನು ಕ್ಷಣಕಾಲ ಸುಮ್ಮನಿದ್ದು, ಕೇಪನ್ನು ಇಡದೆ, ಕೋವಿಯನ್ನು ಗೋಡೆಯ ಗೂಟಕ್ಕೆ ಏರಿಸಿದನು. ಆಮೇಲೆ ಮನೆಮಂದಿಯೆಲ್ಲ ಡಬ್ಬ ಬಡಿದರು, ಕೂಗಿದರು. ಆದರೂ ಬೆಳಗಾಗುವಾಗ ಕೆಳಗಿನ ಗದ್ದೆಯು ಉಳಲ್ಪಟ್ಟಂತೆ ಬಿದ್ದಿತ್ತು.

ಬೆಳಿಗ್ಗೆ ಅಜ್ಜನು ಸಲಾಕೆಯ ತುದಿಗೆ ತಿರುಪನ್ನು ಸಿಕ್ಕಿಸಿ ನಾರನ್ನು ಹೊರಕ್ಕೆಳೆದು, ಚರೆಯನ್ನೂ ಮದ್ದನ್ನೂ ಅಡಕೆಯ ಹಾಳೆಯ ಮೇಲೆ ಸುರಿದು ಅಳೆದನು. ಮದ್ದು ಒಂದೇ ಅಳತೆ ಇತ್ತು. ಹೆಚ್ಚಾಗಿದ್ದುದು ನಾರು. ಬಾಲಕನು ಅಳತೊಡಗಿದನು. ತನ್ನ ಮಾತಿನಿಂದ ಗದ್ದೆ ಹೋಯಿತು. ಹೊಡೆದಿದ್ದರೆ ಏನೂ ಆಗುತ್ತಿರಲಿಲ್ಲ. ಅಜ್ಜನು ಹಾಳೆಯ ಮೇಲಿನ ಮದ್ದನ್ನು ಮತ್ತೆ ಬುರುಡೆಗೆ ತುಂಬುತ್ತ ಹೇಳಿದನು: "ಮಗಾ, ಒಂದೇ ಅಳತೆ ಎಂಬುದು ಬೆಳಿಗ್ಗೆ ತಿಳಿಯಿತು. ರಾತ್ರಿ ತಿಳಿದಿರಲಿಲ್ಲ." ಅವನು ಬೇರೆ ಉಪದೇಶವನ್ನು ಮಾಡಲಿಲ್ಲ. ಆ ವರ್ಷ ಮನೆಯಲ್ಲಿ ಅಕ್ಕಿ ಸಾಲದೆ ಬಂದುದು, ಅಜ್ಜಿಯು ಗೊಣಗಿದುದು, ಇವೆಲ್ಲವೂ ಬಾಲಕನ ನೆನಪಿನಲ್ಲಿ ಉಳಿದುವು.

ಈ ಎಚ್ಚರವು ಹಳೆಯ ಕೇಪಿನ ಕೋವಿಗೆ ಮಾತ್ರ ಸೇರಿದುದೆಂದು ತಿಳಿಯಬಾರದು. ಗೃಹಸ್ಥನ ಸೋದರಮಾವನ ಮಗನೊಬ್ಬನು ಅಮೆರಿಕದಲ್ಲಿ ನೆಲಸಿರುವನು. ಅವನೂ ಪಿಸ್ತೂಲಿನ ಪಂದ್ಯಗಳಿಗೆ ಹೋಗುವವನು. ಅಲ್ಲಿ ಅನೇಕರು ಹೊಡೆದು ಬರಿದಾದ ಹಿತ್ತಾಳೆಯ ತೋಟೆಗಳನ್ನು ಆಯ್ದು ತಂದು ಮನೆಯಲ್ಲಿಯೇ ಮತ್ತೆ ತುಂಬುತ್ತಾರೆ. ಖರ್ಚು ಕಡಿಮೆಯಾಗುವುದು ಒಂದು ಕಾರಣ. ತನ್ನ ಪಿಸ್ತೂಲಿಗೆ ಒಗ್ಗುವ ಈಡನ್ನು ತಾನೇ ಹದಮಾಡಬಹುದೆಂಬುದು ಇನ್ನೊಂದು. ತೊಳೆದ ತೋಟೆಯನ್ನು ಉಕ್ಕಿನ ಅಚ್ಚಿಗೆ ಒತ್ತಿ ಮೊದಲಿನ ಅಳತೆಗೆ ತರುವುದು, ಹಳೆಯ ಕೇಪನ್ನು ಕಳಚಿ ಹೊಸದನ್ನು ಕೂರಿಸುವುದು, ಮದ್ದನ್ನು ತೂಗಿ ಸುರಿಯುವುದು, ಮೇಲೆ ಗುಂಡನ್ನು ಒತ್ತಿ ಬಾಯಿಯನ್ನು ಬಿಗಿಯುವುದು: ಕ್ರಮವು ಅಜ್ಜನದೇ. ಸಣ್ಣ .22 ತೋಟೆಯನ್ನು ಮಾತ್ರ ಹೀಗೆ ತುಂಬಿಕೊಳ್ಳುವ ರೂಢಿಯಿಲ್ಲ; ಅದರ ಕಿಡಿಮದ್ದು ತಳದ ಅಂಚಿನೊಳಗೇ ಅಡಗಿರುತ್ತದೆ, ಕಳಚಿ ಕೂರಿಸಲು ಅಲ್ಲಿ ಬೇರೆ ಕೇಪಿಲ್ಲ. ಮಾವನ ಮಗನು ಒಮ್ಮೆ ರಜೆಗೆ ಬಂದಿದ್ದಾಗ ತನ್ನ ಪದ್ಧತಿಯನ್ನು ವಿವರಿಸಿದನು. ಗುರಿಯ ಪಂದ್ಯಕ್ಕೆ ಹಾಕುವ ಮದ್ದು ಬಹು ಅಲ್ಪ. ತೋಟೆಯೊಳಗೆ ಅದು ತಳದಲ್ಲಿ ಮಾತ್ರ ನಿಲ್ಲುವುದರಿಂದ, ಮರೆತು ಎರಡು ಸಲ ಸುರಿದರೂ ಹೊರಚೆಲ್ಲಿ ಎಚ್ಚರಿಸುವುದಿಲ್ಲ. ಆದುದರಿಂದ ಅವನು ಐವತ್ತು ತೋಟೆಗಳನ್ನು ಹಲಗೆಯ ಕುಳಿಗಳಲ್ಲಿ ಸಾಲಾಗಿ ನಿಲ್ಲಿಸಿ, ಗುಂಡು ಕೂರಿಸುವ ಮೊದಲು ದೀಪ ಹಿಡಿದು ಪ್ರತಿಯೊಂದರ ಒಳಗೂ ಇಣಿಕಿ ನೋಡುವನು. ಆ ಹೊತ್ತಿಗೆ ಯಾರಾದರೂ ಮಾತನಾಡಿಸಿದರೆ ಕೆಲಸವನ್ನು ನಿಲ್ಲಿಸಿ, ಮತ್ತೆ ಮೊದಲಿನಿಂದ ನೋಡುವನು. ಇದನ್ನು ಕೇಳಿ ಗೃಹಸ್ಥನಿಗೆ ಮಾಳದ ಲಾಟೀನು ಕಣ್ಣಿಗೆ ಕಟ್ಟಿತು.

ದೊಡ್ಡ ಪಂದ್ಯಗಳನ್ನು ಆಡಿದವರ ಕಥೆಗಳನ್ನೂ ಅವನು ಬಲ್ಲನು. ಬೆಂಗಳೂರಿನ ಪ್ರಕಾಶ್ ನಂಜಪ್ಪನವರು 2013ರಲ್ಲಿ ಕೊರಿಯದ ಚಾಂಗ್ವಾನಿನ ವಿಶ್ವಕಪ್ಪಿನಲ್ಲಿ ಹತ್ತು ಮೀಟರಿನ ಪಿಸ್ತೂಲಿಗೆ ಕಂಚನ್ನು ಗೆದ್ದರು. ಅದೇ ವರ್ಷ ಅವರ ಮುಖದ ಒಂದು ಪಾರ್ಶ್ವಕ್ಕೆ ವಾಯು ಬಡಿಯಿತು. ಕಣ್ಣೇ ಬಂಡವಾಳವಾದ ಆಟದಲ್ಲಿ ಇದಕ್ಕಿಂತ ದೊಡ್ಡ ಆಘಾತವುಂಟೇ? ಚೇತರಿಸಿಕೊಂಡು 2014ರಲ್ಲಿ ಗ್ಲಾಸ್ಗೋವಿನ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ಬೆಳ್ಳಿಯನ್ನು ಪಡೆದರು; 2016ರಲ್ಲಿ ರಿಯೋ ಒಲಿಂಪಿಕ್ಸಿಗೂ ಹೋದರು. ಹರಿಯಾಣದ ಮನು ಭಾಕರ್ ಎಂಬ ತರುಣಿಯು 2021ರಲ್ಲಿ ಟೋಕಿಯೋವಿನಲ್ಲಿ ಸ್ಪರ್ಧಿಸುತ್ತಿದ್ದಾಗ ನಡುವೆ ಪಿಸ್ತೂಲು ಕೆಟ್ಟು ಹಲವು ನಿಮಿಷಗಳು ಕಳೆದುವು. ಸರಿಪಡಿಸಿ ತಂದು, ಉಳಿದ ಅವಸರದ ಕಾಲದಲ್ಲಿಯೇ ಆಡಿ ಮುಗಿಸಿ, 600ಕ್ಕೆ 575 ಅಂಕಗಳನ್ನು ಗಳಿಸಿದಳು. ಅಂತಿಮ ಸುತ್ತು ಕೂದಲೆಳೆಯಲ್ಲಿ ತಪ್ಪಿತು. 2024ರಲ್ಲಿ ಪ್ಯಾರಿಸಿನಲ್ಲಿ ಅವಳೇ ಎರಡು ಕಂಚುಗಳನ್ನು ಗೆದ್ದಳು. ಲೋಕವು ಆ ಕಂಚುಗಳನ್ನು ನೆನೆಯುತ್ತದೆ. ಗೃಹಸ್ಥನಿಗಾದರೋ ಟೋಕಿಯೋವಿನ 575 ಹೆಚ್ಚು ಪ್ರಿಯವಾದುದು.

ಅವನ ಪಾಲಿಗೆ ಬಂದ ಪಂದ್ಯವು ಅಷ್ಟು ದೊಡ್ಡದಲ್ಲ. ಬೆಂಗಳೂರಿನಲ್ಲಿ ನಡೆದ ಒಂದು ಸ್ಪರ್ಧೆ. ಅಲ್ಲಿ ನಿಗದಿಯಾದ ಅಂಕವನ್ನು ಮುಟ್ಟಿದವರಿಗೆ ಮುಂದಿನ ಮೆಟ್ಟಿಲಿನ ಪಂದ್ಯಕ್ಕೆ ಪ್ರವೇಶ. ಮೂರು ವರ್ಷಗಳಿಂದ ಅವನು ಆ ಅಂಕದ ಕೆಳಗೆಯೇ ನಿಂತಿದ್ದನು. ಅರುವತ್ತು ಏಟುಗಳಿಗೆ ಎಪ್ಪತ್ತೈದು ನಿಮಿಷ. ಈ ಸಲ ಏಟುಗಳು ಚೆನ್ನಾಗಿ ಬೀಳುತ್ತಿದ್ದುವು. ಆದರೆ ಕೈಯನ್ನು ಮತ್ತೆಮತ್ತೆ ಇಳಿಸುವ ಅಭ್ಯಾಸದಿಂದ ಕಾಲವು ಸೋರಿಹೋಯಿತು. ಐವತ್ತೆಂಟು ಏಟುಗಳು ಮುಗಿದಾಗ ಉಳಿದಿದ್ದುದು ಒಂದು ನಿಮಿಷಕ್ಕೂ ಕಡಿಮೆ. ಬೇಕಾಗಿದ್ದುದು ಎರಡು ಏಟುಗಳಲ್ಲಿ ಹದಿನೇಳು ಅಂಕ. ಅವನ ಮಟ್ಟಿಗೆ ಅದು ದಿನನಿತ್ಯದ ಮಾತು.

ಕೈಯನ್ನು ಎತ್ತಿದನು. ಅದೇ ಕ್ಷಣದಲ್ಲಿ, ಮೊದಲೇ ಆಡಿ ಮುಗಿಸಿದ ಪಕ್ಕದವನ ಪೆಟ್ಟಿಗೆಯು ಸದ್ದುಮಾಡಿ ಮುಚ್ಚಿಕೊಂಡಿತು. ಮನಸ್ಸು ಒಮ್ಮೆ ಕದಲಿತು. ಕದಲಿದ ಮನಸ್ಸಿನಲ್ಲಿ ಒಂದು ಸಂಶಯವು ಎದ್ದಿತು: ಗುಂಡನ್ನು ಇಟ್ಟುದಾಯಿತೇ? ಬೆರಳುಗಳಿಗೆ ನೆನಪಿಲ್ಲ. ಗುಂಡಿಲ್ಲದೆ ಗಾಳಿಯನ್ನು ಬಿಟ್ಟರೆ ಆ ಏಟಿಗೆ ಸೊನ್ನೆಯೆಂಬುದು ಕಟ್ಟಳೆ. ಇಟ್ಟಿರಬೇಕು, ಇಡದೆ ಇರುವವನಲ್ಲ ಎಂದು ಒಂದು ಮನಸ್ಸು. ತಿಳಿಯದು ಎಂದು ಇನ್ನೊಂದು ಮನಸ್ಸು. ತೋಳು ಸ್ಥಿರವಾಗಿತ್ತು, ಗುರುತು ಕಚ್ಚಿನ ನಡುವೆ ನಿಶ್ಚಲವಾಗಿ ನಿಂತಿತ್ತು. ಆ ದಿನದಲ್ಲಿ ಅಷ್ಟು ಒಳ್ಳೆಯ ಹಿಡಿತವು ಮತ್ತೆ ಬಂದಿರಲಿಲ್ಲ. ಅವನು ಕೈಯನ್ನು ಇಳಿಸಿದನು. ಸನ್ನೆಯನ್ನು ತೆರೆದು ಇಣಿಕಿದನು. ಗುಂಡು ಇದ್ದ ಸ್ಥಳದಲ್ಲಿಯೇ ಇತ್ತು.

ಮುಚ್ಚಿ, ಎತ್ತಿ, ಹೊಡೆದನು: ಒಂಬತ್ತು. ಕೊನೆಯ ಗುಂಡನ್ನು ಇಡುವಾಗ ಬೆರಳುಗಳು ಬೆವತಿದ್ದುವು. ತೋಳು ಇನ್ನೂ ನೆಲೆಗೊಳ್ಳುವ ಮೊದಲೇ ಕಾಲವು ಮುಗಿಯುತ್ತ ಬಂದುದರಿಂದ ಬೆರಳನ್ನು ಒತ್ತಬೇಕಾಯಿತು: ಏಳು. ಒಂದು ಅಂಕದಿಂದ ಆ ವರ್ಷವೂ ಬಾಗಿಲು ಮುಚ್ಚಿತು.

ಊರಿನ ಬಸ್ಸಿನಲ್ಲಿ ಜೊತೆಗೆ ಬಂದ ತರುಣನೊಬ್ಬನು, "ಗುಂಡು ಇತ್ತಲ್ಲ ಅಣ್ಣಾ, ಸುಮ್ಮನೆ ನೋಡಿ ಕೆಟ್ಟಿರಿ" ಎಂದು ಮರುಗಿದನು. ಗೃಹಸ್ಥನು ಹೌದೆಂದು ತಲೆದೂಗಿದನು. ಶಿರಾಡಿಯ ತಿರುವುಗಳಲ್ಲಿ ನಿದ್ದೆ ಬಾರದೆ ಕುಳಿತಿದ್ದಾಗ ಅವನ ಕಣ್ಣಮುಂದೆ ಬಂದುದು ಹಂದಿಗಳು ಉತ್ತುಹೋದ ಗದ್ದೆ. ಅಜ್ಜನು ಕಳೆದುಕೊಂಡುದು ಮನೆಮಂದಿಯ ಅನ್ನ. ತಾನು ಕಳೆದುಕೊಂಡುದು ಒಂದು ಆಟದ ಒಂದು ಅಂಕ. ಅಷ್ಟು ದೊಡ್ಡ ನಷ್ಟದ ಮುಂದೆ ಕುಳಿತು ಮದ್ದನ್ನು ಬುರುಡೆಗೆ ತುಂಬಿದ ಆ ಕೈ ನಡುಗಿರಲಿಲ್ಲವೆಂಬುದು ಅವನಿಗೆ ಈಗ ತಾನೆ ಹೊಳೆಯಿತು. ಬಾಲಕನು ಅಳುವಿನ ನಡುವೆ ಅದನ್ನು ನೋಡಿದ್ದನು. ಅದರ ಅರ್ಥವನ್ನು ತಿಳಿಯಲು ಇಷ್ಟು ವರ್ಷಗಳು ಬೇಕಾದುವು.

ಮರುದಿನ ಬೆಳಗಿನ ಐದು ಗಂಟೆಗೆ ಮಟ್ಟುವಿನ ಚಾವಡಿಯಲ್ಲಿ ದೀಪ ಹತ್ತಿತು. ಕಡಲು ಎಂದಿನಂತೆ ಮೊರೆಯುತ್ತಿತ್ತು. ಗೃಹಸ್ಥನು ಎಣ್ಣೆಯ ಬಟ್ಟೆಯಿಂದ ಪಿಸ್ತೂಲಿನ ಉಪ್ಪನ್ನು ಒರಸಿ, ಗುಂಡನ್ನಿಟ್ಟು, ಕೊಟ್ಟಿಗೆಯ ಗೋಡೆಯ ಕಡೆಗೆ ಕೈಯನ್ನು ಎತ್ತಿದನು. ಎಲ್ಲಿಯೋ ಒಂದು ಕೋಳಿ ಕೂಗಿತು. ಅವನು ಕೈಯನ್ನು ಇಳಿಸಿ, ಸನ್ನೆಯನ್ನು ತೆರೆದು, ದೀಪದ ಕಡೆಗೆ ತಿರುಗಿಸಿ ನೋಡಿದನು.