ಮೂಲಪಾಠದ ಕಂಠ

ಗ್ರಂಥಸಂಪಾದನೆಯ ತರಗತಿಯಲ್ಲಿ ಪಾಠಾಂತರಗಳ ವಿಚಾರ ಬಂದಾಗಲೆಲ್ಲ ನಾನು ಅಮೆರಿಕದ ‘ಶ್-ಬೂಮ್’ ಎಂಬ ಹಾಡನ್ನು ಪ್ರಸ್ತಾಪಿಸುವುದುಂಟು. ಬಹುಕಾಲ ಅದನ್ನು ಕ್ರೂ ಕಟ್ಸ್ ತಂಡದ ಹಾಡೆಂದೇ ಹೇಳುತ್ತ ಬಂದಿದ್ದೆ. ಒಮ್ಮೆ ವಿದ್ಯಾರ್ಥಿಯೊಬ್ಬ, “ಸರ್, ಅದು ಮೂಲಪ್ರತಿ ಅಲ್ಲ” ಎಂದು ಮೆಲ್ಲಗೆ ತಿದ್ದಿದ. ಪ್ರತಿಕಾರನನ್ನೇ ಕವಿಯೆಂದು ನಂಬಿದ ನನಗೆ ಅಂದು ಆದ ನಾಚಿಕೆ ಅಷ್ಟಿಷ್ಟಲ್ಲ.

ಹಾಡನ್ನು ಕಟ್ಟಿದವರು ನ್ಯೂಯಾರ್ಕಿನ ಬ್ರಾಂಕ್ಸ್ ಭಾಗದ ಐವರು ಕಪ್ಪು ತರುಣರು. ತಂಡದ ಹೆಸರು ಕಾರ್ಡ್ಸ್. 1954ರಲ್ಲಿ ಅಟ್ಲಾಂಟಿಕ್ ಸಂಸ್ಥೆಯ ಅಂಗವಾದ ಕ್ಯಾಟ್ ಅವರ ಧ್ವನಿಮುದ್ರಿಕೆಯನ್ನು ಹೊರತಂದಿತು. ಅದೇ ವರ್ಷ ಮರ್ಕ್ಯುರಿ ಸಂಸ್ಥೆ ಕೆನಡಾದ ಬಿಳಿಯ ತರುಣರಾದ ಕ್ರೂ ಕಟ್ಸ್ ಅವರಿಂದ ಅದನ್ನೇ ಹಾಡಿಸಿತು. ಮೂಲ ತಂಡ ಜನಪ್ರಿಯತೆಯ ಪಟ್ಟಿಯಲ್ಲಿ ಮೊದಲ ಹತ್ತರೊಳಗೆ ಬಂದರೂ ಅಗ್ರಸ್ಥಾನ ಅನುಕರಿಸಿದವರಿಗೇ ಸಂದಿತು. ಅದೇ ಹೆಸರಿನ ಬೇರೊಂದು ತಂಡವಿದ್ದುದರಿಂದ ಕಾರ್ಡ್ಸ್ ತಮ್ಮ ಹೆಸರನ್ನೂ ಬಿಟ್ಟುಕೊಡಬೇಕಾಯಿತೆಂಬುದು ವಿಧಿಯ ವ್ಯಂಗ್ಯವೇ ಸರಿ.

ಇದು ಕಳ್ಳತನವೇ? ಕಾನೂನಿನ ದೃಷ್ಟಿಯಲ್ಲಿ ಅಲ್ಲ. 1909ರ ಅಮೆರಿಕದ ಕಾಯಿದೆಯಂತೆ, ಒಮ್ಮೆ ಮುದ್ರಿತವಾದ ಹಾಡನ್ನು ಪ್ರತಿಯೊಂದಕ್ಕೆ 2 ಸೆಂಟ್ ಗೌರವಧನ ತೆತ್ತು ಯಾರು ಬೇಕಾದರೂ ಮತ್ತೆ ಮುದ್ರಿಸಬಹುದಾಗಿತ್ತು. ಸಾಹಿತ್ಯಕ್ಕೆ, ಧಾಟಿಗೆ ಬೆಲೆಯಿತ್ತು. ಉಸಿರು ಹಿಡಿದ ರೀತಿಗೆ, ಸ್ವರ ಜಾರಿಸಿದ ಬಗೆಗೆ ಇರಲಿಲ್ಲ. ತಮ್ಮ ‘ಟ್ವೀಡ್ಲೀ ಡೀ’ಯನ್ನು ಜಾರ್ಜಿಯಾ ಗಿಬ್ಸ್ ಅನುಕರಿಸಿದಾಗ ಲಾವರ್ನ್ ಬೇಕರ್ 1955ರಲ್ಲಿ ಕಾಂಗ್ರೆಸ್ ಸದಸ್ಯರೊಬ್ಬರಿಗೆ ಮೊರೆಯಿಟ್ಟರು. ಫಲವಾಗಲಿಲ್ಲ. 1972ರಲ್ಲಿ ಧ್ವನಿಮುದ್ರಣಕ್ಕೆ ಕೇಂದ್ರ ಕಾನೂನಿನ ರಕ್ಷಣೆ ದೊರೆತಾಗಲೂ ಅನುಕರಣೆಗೆ ತಡೆ ಬೀಳಲಿಲ್ಲ.

ನಮ್ಮ 1957ರ ಹಕ್ಕುಸ್ವಾಮ್ಯ ಕಾಯಿದೆಯಲ್ಲಿಯೂ ಇಂಥ ಅವಕಾಶವಿದ್ದಿತು. ಮೊದಲ ಮುದ್ರಣದ ಬಳಿಕ ಐದು ವರ್ಷ ಕಾಯಬೇಕೆಂಬ ನಿಯಮ ಬಂದುದು 2012ರ ತಿದ್ದುಪಡಿಯಿಂದ. ದಾಸರ ಪದಗಳನ್ನು ನೂರು ಕಂಠಗಳಲ್ಲಿ ಕೇಳಿ ಬೆಳೆದ ನಮಗೆ ಮರುಗಾಯನವೇ ತಪ್ಪೆನಿಸದು. ಆದರೆ ಅಲ್ಲಿ ಅಂಕಿತ ಉಳಿಯುತ್ತದೆ. ಯಾರು ಹಾಡಿದರೂ ಪದ ಪುರಂದರರದೇ, ಕನಕರದೇ. ‘ಶ್-ಬೂಮ್’ ಕಟ್ಟಿದ ಐವರ ಹೆಸರು ಧ್ವನಿಮುದ್ರಿಕೆಯ ಚೀಟಿಯಲ್ಲಿದ್ದರೂ ಕೇಳುವವನ ಕಿವಿಗೆ ಅದು ಕಾಣಿಸುತ್ತಿರಲಿಲ್ಲ.

ಇಷ್ಟಾದರೂ ತೀರ್ಪು ಕೊಡಲು ನಾಲಗೆ ಏಳದು. ಎಂಬತ್ತರ ದಶಕದಲ್ಲಿ, ಮುಂಬಯಿಯ ನಮ್ಮ ಎರಡು ಕೋಣೆಯ ಮನೆಗೆ ಅಪ್ಪ ತರುತ್ತಿದ್ದುದು ಅಗ್ಗದ ಕ್ಯಾಸೆಟ್ಟುಗಳನ್ನೇ. ಲತಾ ಮಂಗೇಶ್ಕರ್ ಅವರ ಹಳೆಯ ಹಾಡುಗಳನ್ನು ಅವುಗಳಲ್ಲಿ ಬೇರೊಬ್ಬಾಕೆ ಹಾಡಿದ್ದಳು. ಅವ್ವ ರೊಟ್ಟಿ ತಟ್ಟುತ್ತ ಆಕೆಯೊಡನೆ ದನಿಗೂಡಿಸುತ್ತಿದ್ದಳು. ಈಗಲೂ ಆ ಹಾಡುಗಳು ಎಲ್ಲಿ ಕೇಳಿಬಂದರೂ ನನ್ನ ಕಿವಿಯಲ್ಲಿ ಮೊದಲು ಏಳುವುದು ಆಕೆಯ ಕಂಠ. ಆಕೆಯ ಹೆಸರು ಆ ಕ್ಯಾಸೆಟ್ಟುಗಳ ಮೇಲೆ ಇರಲಿಲ್ಲ.