ಸೈಕಲ್ ಕೊಳ್ಳುವ ಮೊದಲು ರಿಪೇರಿಯವನನ್ನು ನೋಡಿ

ಪುಣೆಯ ಕನ್ನಡ ಗೆಳೆಯರು ನನಗೆ ಫೋನ್ ಮಾಡುವುದು ಸಾಮಾನ್ಯವಾಗಿ ಎರಡೇ ವಿಷಯಕ್ಕೆ. ಒಂದು, "ಎಫ್.ಡಿ. ಬಡ್ಡಿ ಈಗೆಷ್ಟು ನಡೀತಿದೆ?" ಇನ್ನೊಂದು, "ಸೈಕಲ್ ತಗೋಬೇಕು ಅಂತಿದೀನಿ, ಯಾವುದು ತಗೊಳ್ಲಿ?" ಮೊದಲನೆಯದು ನಾನು ಬ್ಯಾಂಕಿನಲ್ಲಿ ಇರುವುದರಿಂದ. ಎರಡನೆಯದು, ಐವತ್ತಾರು ತುಂಬಿದ ಮೇಲೂ ಭಾನುವಾರ ಬೆಳಗಾಗುವ ಮೊದಲೇ ಸೈಕಲ್ ಹತ್ತಿ ಹೋಗುವ ನನ್ನ ಹುಚ್ಚು ಎಲ್ಲರಿಗೂ ಗೊತ್ತಿರುವುದರಿಂದ. ಬಡ್ಡಿಯ ಪ್ರಶ್ನೆಗೆ ಒಂದು ಸಾಲಿನ ಉತ್ತರ ಸಾಕು. ಸೈಕಲ್ಲಿನದಕ್ಕೆ ಸಾಲುವುದಿಲ್ಲ. ಅದಕ್ಕೇ ಇವತ್ತು ಕೂತು ಬರೆದೇ ಬಿಡೋಣ ಅಂದುಕೊಂಡೆ.

ನಮ್ಮ ತಲೆಮಾರಿನವರಿಗೆ ಸೈಕಲ್ ಅಂದರೆ ಒಂದೇ ಚಿತ್ರ. ಕಪ್ಪು ಬಣ್ಣ, 28 ಇಂಚಿನ ಗಾಲಿ, ರಾಡ್ ಬ್ರೇಕು, ಹಿಂದೆ ಕ್ಯಾರಿಯರ್, ಸ್ಪ್ರಿಂಗ್ ಹಾಕಿದ ಸೀಟು. ಗಂಟೆ ಲೆಕ್ಕದ ಬಾಡಿಗೆ ಅಂಗಡಿಯಲ್ಲಿ ತಂದು, ಸೀಟಿನ ಮೇಲೆ ಕೂರಲು ಎಟುಕದೆ, ಬಾರಿನ ಕೆಳಗಿನಿಂದ ಕಾಲು ತೂರಿಸಿ ಒಳಪೆಡಲ್ ಹೊಡೆದು ಮೊಣಕಾಲು ಕೆತ್ತಿಸಿಕೊಂಡವರು ನಿಮ್ಮಲ್ಲೂ ಇರಬೇಕು. ಈಗಿನ ಹುಡುಗರು ಅದನ್ನು ನೋಡಿ "ಅಂಕಲ್, ಅದು ಹಾಲಿನವನ ಸೈಕಲ್" ಅಂತ ನಗುತ್ತಾರೆ. ನಗಲಿ ಬಿಡಿ. ಆದರೆ ಅದನ್ನು ಹಾಗೆ ಮಾಡಿದ್ದಕ್ಕೆ ಒಂದೊಂದು ಭಾಗಕ್ಕೂ ಒಂದೊಂದು ಕಾರಣವಿದೆ.

ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿ 1885ರಲ್ಲಿ 'ರೋವರ್' ಸೈಕಲ್ ಮಾಡಿದ. ಎರಡೂ ಗಾಲಿ ಹೆಚ್ಚುಕಡಿಮೆ ಒಂದೇ ಅಳತೆ, ಹಿಂದಿನ ಗಾಲಿಗೆ ಚೈನು. 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟೈರು ಮಾಡಿದ. ಇವೆರಡು ಸೇರಿದ ಮೇಲೆ ಸೈಕಲ್ಲಿನ ಮೂಲ ರೂಪ ದೊಡ್ಡದಾಗಿ ಬದಲಾಗಿಲ್ಲ. ನಮ್ಮ ಕಪ್ಪು ಸೈಕಲ್ ಆ ವಂಶದ್ದೇ, ನಮ್ಮ ರಸ್ತೆಗೆ ಒಗ್ಗಿಕೊಂಡದ್ದು. ಅದರ ಸೀಟಿನ ಪೈಪು ಹಿಂದಕ್ಕೆ ಚೆನ್ನಾಗಿ ವಾಲಿದೆ. ಮುಂದಿನ ಚಿಮಟಾ ತುದಿಯಲ್ಲಿ ಮುಂದಕ್ಕೆ ಬಾಗಿದೆ. ಎರಡು ಗಾಲಿಗಳ ನಡುವೆ ಅಂತರ ಜಾಸ್ತಿ. ಆದ್ದರಿಂದ ಕೂತವರ ಬೆನ್ನು ನೆಟ್ಟಗಿರುತ್ತದೆ, ಭಾರ ಅಂಗೈ ಮೇಲೆ ಬೀಳದೆ ಸೀಟಿನ ಮೇಲೆ ಬೀಳುತ್ತದೆ, ಗುಂಡಿಯ ಹೊಡೆತ ಅರ್ಧಕ್ಕೆ ಇಳಿದು ಕೈಗೆ ಬರುತ್ತದೆ. ಹಿಂದೆ ಜೋಳದ ಚೀಲ ಹೇರಿದರೂ ಹ್ಯಾಂಡಲ್ ನಡುಗುವುದಿಲ್ಲ. ದೊಡ್ಡ ಗಾಲಿ ಸಣ್ಣ ತಗ್ಗಿನಲ್ಲಿ ಪೂರ್ತಿ ಇಳಿಯದೆ ದಾಟಿಬಿಡುತ್ತದೆ.

ಬ್ಯಾಂಕಿನವನಾದ್ದರಿಂದ ಸ್ವಲ್ಪ ಲೆಕ್ಕ ಹಾಕದೇ ಇರಲಾರೆ. ಮುಂದಿನ ಚಕ್ರಕ್ಕೆ 44 ಹಲ್ಲು, ಹಿಂದೆ 18 ಹಲ್ಲು ಅಂತ ಇಟ್ಟುಕೊಳ್ಳಿ. ಪೆಡಲ್ ಒಂದು ಸುತ್ತು ಬಂದರೆ ಗಾಲಿ ಸುಮಾರು 2.44 ಸುತ್ತು. 28 ಇಂಚಿನ ಗಾಲಿಯಲ್ಲಿ ಅದು ಹತ್ತಿರ ಹತ್ತಿರ ಐದೂವರೆ ಮೀಟರ್. ಸಮತಟ್ಟಾದ ದಾರಿಗೆ ಹೇಳಿ ಮಾಡಿಸಿದ್ದು. ಆದರೆ ನಮ್ಮ ಧಾರವಾಡದಂಥ ಏರಿಳಿತದ ಊರಲ್ಲಿ ಅದೇ ಐದೂವರೆ ಮೀಟರ್ ಎದೆಗೆ ಬರುತ್ತಿತ್ತು, ಏರು ಬಂದರೆ ಇಳಿದು ತಳ್ಳುವುದೇ. ಮಳೆಗಾಲದಲ್ಲಿ ಇಳಿಜಾರು ಇನ್ನೂ ಕಷ್ಟ. ಸ್ಟೀಲ್ ರಿಮ್ ಒದ್ದೆಯಾದರೆ ರಬ್ಬರ್ ಜಾರುತ್ತದೆ, ಬ್ರೇಕು ಹಿಡಿದವರ ಜೊತೆಗೆ ಚಪ್ಪಲಿಯೂ ರಸ್ತೆಗೆ ಉಜ್ಜಬೇಕು. ಮೇಲಾಗಿ ಇಪ್ಪತ್ತು ಕೆ.ಜಿ. ತೂಕ. ಹಳೆಯದೆಲ್ಲ ಚಿನ್ನ ಅಂತ ನಾನು ಹೇಳುವುದಿಲ್ಲ.

ಗೇರ್ ಸೈಕಲ್ಲಿನ ಸುಖವೇ ಬೇರೆ. ಮುಂದೆ 34 ಹಲ್ಲು, ಹಿಂದೆಯೂ 34 ಹಲ್ಲಿಗೆ ಚೈನು ಏರಿಸಿದರೆ ಪೆಡಲಿನ ಒಂದು ಸುತ್ತಿಗೆ ಗಾಲಿಯದೂ ಒಂದೇ ಸುತ್ತು, ಎರಡು ಮೀಟರಿನ ಆಸುಪಾಸು. ಕಾತ್ರಜ್ ಹಳೆ ಘಾಟಿಯನ್ನು ನನ್ನ ವಯಸ್ಸಿನವನು ಇಳಿಯದೆ ಹತ್ತುವುದು ಈ ಲೆಕ್ಕದಿಂದಲೇ. ಅಲ್ಲಿ ಸುರಂಗದ ಬಾಯಲ್ಲಿ ನಿಂತು ನೀರು ಕುಡಿಯುವಾಗ, ಇದೇ ದಿಕ್ಕಿಗೆ ಹೋದರೆ ಸಾತಾರಾ, ಕೊಲ್ಹಾಪುರ, ನಿಪ್ಪಾಣಿ, ಬೆಳಗಾವಿ ಅಂತ ಮನಸ್ಸು ಊರಿನ ದಾರಿಯನ್ನು ಎಣಿಸುತ್ತದೆ. ಎಣಿಸುವುದಷ್ಟೇ, ಸೋಮವಾರ ಬ್ಯಾಂಕು ತೆರೆಯಬೇಕಲ್ಲ!

ಇನ್ನು ಕೊಳ್ಳುವವರು ಮೊದಲು ತಿಳಿದುಕೊಳ್ಳಬೇಕಾದ ಒಂದು ಗೋಜಲು ಇದೆ. 26 ಇಂಚು ಅಂದರೆ ಎಲ್ಲ 26 ಒಂದೇ ಅಲ್ಲ. 26 x 1 3/8 ಅಂತ ಬರೆದ ಟೈರು ಕೂರುವ ರಿಮ್ಮಿನ ವ್ಯಾಸ 590 ಮಿ.ಮೀ. ಮೌಂಟನ್ ಸೈಕಲ್ಲಿನ 26 x 1.75 ಟೈರಿನದು 559. ಒಂದರ ಟೈರು ಇನ್ನೊಂದಕ್ಕೆ ಕೂರುವುದಿಲ್ಲ. ನಮ್ಮ ಕಪ್ಪು ಸೈಕಲ್ಲಿನ 28 x 1½ ಅಂದರೆ 635, ಈಗಿನ 700ಸಿ ಅಂದರೆ 622. ಆದ್ದರಿಂದ ಅಂಗಡಿಯವನು ಹೇಳುವ ಇಂಚನ್ನು ಬಿಟ್ಟು ಟೈರಿನ ಪಕ್ಕದಲ್ಲಿ 47-559, 28-622 ಹೀಗೆ ಅಚ್ಚಾಗಿರುವ ಅಂಕಿ ನೋಡಿ. ಮೊದಲನೆಯದು ಅಗಲ, ಎರಡನೆಯದು ಕೂರುವ ವ್ಯಾಸ. ಎರಡನೆಯ ಅಂಕಿ ಸರಿಯಿದ್ದರೆ ಅರ್ಧ ತಲೆನೋವು ಕಡಿಮೆ.

ಪೆಡಲಿನ ಅಚ್ಚು ಕೂರುವ ಜಾಗದ್ದೂ ಇದೇ ಕಥೆ. ಬರ್ಮಿಂಗ್‌ಹ್ಯಾಮ್‌ನ ಬಂದೂಕು ಕಂಪನಿ ಬಿ.ಎಸ್.ಎ. ಹೆಸರಿನ ಮರೆ ಇವತ್ತಿಗೂ ಹೊಸ ಸೈಕಲ್‌ಗಳಲ್ಲಿ ಇದೆ, ಇಂಚಿಗೆ 24 ಎಳೆ. ನಡುವೆ ಮರೆಯೇ ಬೇಡ ಅಂತ ಬೇರಿಂಗನ್ನು ಒತ್ತಿ ಕೂರಿಸುವ ಹತ್ತಾರು ಅಳತೆ ಬಂದವು. ಅವುಗಳಲ್ಲಿ ಕೆಲವು ಕಿರುಗುಟ್ಟಿ ಸವಾರರ ತಲೆ ತಿಂದು, ಎಷ್ಟೋ ತಯಾರಕರು ಮತ್ತೆ ಮರೆಗೇ ವಾಪಸ್ ಬಂದರು.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ಸೈಕಲ್ಲಿನ ವಿನ್ಯಾಸದಲ್ಲಿ ಅದನ್ನು ರಿಪೇರಿ ಮಾಡುವವನೂ ಒಂದು ಭಾಗ ಅಂತ ನನ್ನ ಗಟ್ಟಿ ಅಭಿಪ್ರಾಯ. ಕಪ್ಪು ಸೈಕಲ್ಲಿನ ದೊಡ್ಡ ಗುಣ ಅದೇ. ಒಂದು ಸುತ್ತಿಗೆ, ನಾಲ್ಕು ಪಾನಾ, ನೀರಿನ ಬೋಗುಣಿ, ಸೊಲ್ಯೂಷನ್ ಡಬ್ಬಿ ಇದ್ದರೆ ಯಾವ ಹಳ್ಳಿಯಲ್ಲಾದರೂ ಅದು ಮತ್ತೆ ಓಡುತ್ತಿತ್ತು. ಕಾಟರ್ ಪಿನ್, ವಾಲ್ ಟ್ಯೂಬು, ಗುಂಡುಗಳು, ಎಲ್ಲ ಕಂಪನಿಯದೂ ಹೆಚ್ಚುಕಡಿಮೆ ಒಂದೇ.

ನಮ್ಮ ಕೋಥ್ರೂಡ್ ಕಡೆ ಅಂಥ ರಿಪೇರಿಯವರು ಒಬ್ಬರಿದ್ದಾರೆ. ಎಲ್ಲರಿಗೂ 'ಮಾಮಾ'. ಅಕ್ಕಲಕೋಟೆ ಕಡೆಯವರು. ನಾನು ಫೋನಿನಲ್ಲಿ ಮಾತಾಡುವುದು ಕೇಳಿ, "ಸಾಹೇಬ್ರ, ನೀವೂ ನಮ್ಮ ಕಡಿಯವರೇನ್ರಿ?" ಅಂತ ಶುರುವಾದ ಪರಿಚಯ. ನಾನು 1994ರಲ್ಲಿ ವರ್ಗವಾಗಿ ಬಂದಾಗ ಆ ರಸ್ತೆಯಲ್ಲಿ ಸೈಕಲ್ ಅಂಗಡಿಗಳಿಗೆ ಲೆಕ್ಕವಿರಲಿಲ್ಲ. ಸೈಕಲ್‌ಗಳ ಊರು ಅಂತಲೇ ಪುಣೆಗೆ ಹೆಸರು. ಆಮೇಲೆ ದ್ವಿಚಕ್ರ ಅಂದರೆ ಸ್ಕೂಟರ್ ಅಂತಾಯಿತು. 2017ರಲ್ಲಿ ಊರಿಗೊಂದು ದೊಡ್ಡ ಸೈಕಲ್ ಯೋಜನೆ ಮಂಜೂರಾಯಿತು, ಆ್ಯಪ್‌ನಿಂದ ಬಾಡಿಗೆಗೆ ಸಿಗುವ ಬಣ್ಣಬಣ್ಣದ ಸೈಕಲ್‌ಗಳೂ ಬಂದವು, ಎರಡು ವರ್ಷದಲ್ಲಿ ಹೆಚ್ಚಿನವು ಕಾಣೆಯಾದವು. 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ, ಅಟ್ಲಾಸ್ ಕಂಪನಿಯ ಸಾಹಿಬಾಬಾದ್ ಕಾರ್ಖಾನೆ ನಿಂತಿತು. ಸುದ್ದಿ ಓದಿ ಹೇಳಿದಾಗ ಮಾಮಾ ಕೈಯಲ್ಲಿದ್ದ ಅಟ್ಲಾಸ್ ಗಾಲಿಯ ಔಟ್ ತೆಗೆಯುತ್ತಲೇ "ಇದರ ರಿಮ್ ಇನ್ನೂ ಹತ್ತು ವರ್ಷ ಬರ್ತದ ನೋಡ್ರಿ" ಅಂದರು.

ಹೋದ ವರ್ಷ ಫುಟ್‌ಪಾತ್ ಹೊಸದು ಮಾಡುವಾಗ ಮಾಮಾ ಮರದ ಕೆಳಗಿನ ಜಾಗ ಬಿಡಬೇಕಾಯಿತು. ಒಳಗಲ್ಲಿಯಲ್ಲಿ ನಾಲೆಯ ಗೋಡೆಗೆ ಒರಗಿ ಕೂತರು. ಗಿರಾಕಿಗಳಿಗೆ ಅಂಗಡಿಯೇ ಸಿಗಲಿಲ್ಲ. ನಮ್ಮ ಸೊಸೈಟಿಯ ವಾಚ್‌ಮನ್ ವಾರ್ಜೆಯಿಂದ ಕಪ್ಪು ಸೈಕಲ್ಲಿನಲ್ಲೇ ಬರುತ್ತಾನೆ. ಒಂದು ದಿನ ಫ್ರೀವೀಲ್ ಕೈಕೊಟ್ಟು, ಮಾಮಾ ಎಲ್ಲಿ ಹೋದರೋ ತಿಳಿಯದೆ, ಪೂರ್ತಿ ತಳ್ಳಿಕೊಂಡು ಬಂದ. ತಡವಾಗಿದ್ದಕ್ಕೆ ಅವನ ಏಜೆನ್ಸಿಯವರು ಅರ್ಧ ದಿನದ ಪಗಾರ ಮುರಿದರು. ಎರಡು ಲಕ್ಷದ ಕಾರ್ಬನ್ ಸೈಕಲ್ಲಿಗೆ ಪಂಕ್ಚರ್ ಆದರೆ ನಮ್ಮ ಗುಂಪಿನ ಹುಡುಗ ಫೋಟೋ ಹಾಕುತ್ತಾನೆ, ಹತ್ತು ಜನ ಅಯ್ಯೋ ಅನ್ನುತ್ತಾರೆ, ಅವನು ಆಟೋ ಹಿಡಿದು ಮನೆಗೆ ಹೋಗುತ್ತಾನೆ. ವಾಚ್‌ಮನ್‌ಗೆ ಮಾಮಾ ಇಲ್ಲದಿದ್ದರೆ ಸೈಕಲ್ಲೇ ಇಲ್ಲ. ಸೈಕ್ಲಿಂಗ್ ಸಂಸ್ಕೃತಿ ಅಂತ ನಾವು ಭಾನುವಾರದವರು ದೊಡ್ಡ ಮಾತಾಡುವಾಗ ಸೋಮವಾರದಿಂದ ಶನಿವಾರದವರೆಗೆ ತುಳಿಯುವ ಇವರು ಲೆಕ್ಕಕ್ಕೇ ಬರುವುದಿಲ್ಲ ಅನ್ನುವುದು ನನಗೆ ನುಂಗಲಾರದ ತುತ್ತು.

ನಾವು ಏಳೆಂಟು ಜನ ಸೇರಿ ಮೊದಲು ಗಲ್ಲಿಯ ಮೂಲೆಯ ಅಂಗಡಿಯವರನ್ನು ಕೇಳಿ ಬಾಣದ ಗುರುತಿನ ಬೋರ್ಡು ಹಾಕಿಸಿದೆವು. ಆಮೇಲೆ ಸೊಸೈಟಿ ಮೀಟಿಂಗಿನಲ್ಲಿ ವಿಷಯ ಎತ್ತಿದೆ. ನಿಮ್ಮ ಸೊಸೈಟಿಯಲ್ಲೂ ನೋಡಿ, ಪಾರ್ಕಿಂಗಿನ ಮೂಲೆಯಲ್ಲಿ ಗಾಳಿ ಇಳಿದು ತುಕ್ಕು ಹಿಡಿದ ಮಕ್ಕಳ ಸೈಕಲ್‌ಗಳ ರಾಶಿ ಇರುತ್ತದೆ. ಮಕ್ಕಳು ಕೆಲವರು ಅಮೆರಿಕಕ್ಕೂ ಹೋಗಿಯಾಗಿದೆ, ಸೈಕಲ್ ಮಾತ್ರ ಬೀಗ ಹಾಕಿಕೊಂಡು ಇಲ್ಲೇ ಇದೆ. "ತಿಂಗಳಿಗೆರಡು ಭಾನುವಾರ ಮಾಮಾ ಗೇಟಿನ ಒಳಗೆ ಕೂರಲಿ" ಅಂದೆ. ಹೊರಗಿನವರನ್ನು ಬಿಡುವುದು ಹೇಗೆ ಅಂತ ಮುಕ್ಕಾಲು ಗಂಟೆ ಚರ್ಚೆ ನಡೆದು ಕೊನೆಗೆ ಒಪ್ಪಿದರು. ಮೂರು ತಿಂಗಳಲ್ಲಿ ಹತ್ತೊಂಬತ್ತು ಸೈಕಲ್ ಎದ್ದು ನಿಂತವು. ವಾರಸುದಾರರೇ ಇಲ್ಲದ ಐದನ್ನು ಮನೆಗೆಲಸದವರ ಮಕ್ಕಳು ಶಾಲೆಗೆ ಒಯ್ಯುತ್ತಿದ್ದಾರೆ. ವಾಚ್‌ಮನ್ ಸೈಕಲ್ಲಿಗೆ ಹೊಸ ಫ್ರೀವೀಲ್ ಬಿತ್ತು.

ಮಾಮಾನ ಚಿಂತೆ ಇದರಿಂದ ತೀರಲಿಲ್ಲ. ಮಗ ಸ್ಕೂಟರಿನಲ್ಲಿ ಊಟ ತಲುಪಿಸುವ ಕೆಲಸಕ್ಕೆ ಸೇರಿದ್ದಾನೆ, ಈ ಕಸುಬಿಗೆ ಬರುವುದಿಲ್ಲ. ಮಾಮಾಗೆ ಕಣ್ಣೂ ಮಂಜಾಗುತ್ತಿದೆ. ಆದರೂ ಅರವತ್ತೈದರ ಈ ಮನುಷ್ಯ ಡಿಸ್ಕ್ ಬ್ರೇಕಿನ ವೈರು ಸರಿಮಾಡುವುದನ್ನು ಕಲಿತಿದ್ದಾರೆ. ಆಯಿಲ್ ತುಂಬಿದ ಬ್ರೇಕು ಮಾತ್ರ "ಅದು ನಮ್ಮ ಕೈಯಾಗಿಂದಲ್ರೀ" ಅನ್ನುತ್ತಾರೆ.

ಹಾಗಾಗಿ ಫೋನ್ ಮಾಡುವ ಗೆಳೆಯರಿಗೆ ನನ್ನ ಉತ್ತರ ಇಷ್ಟು. ದಿನಕ್ಕೆ ಹತ್ತು ಕಿಲೋಮೀಟರ್ ಒಳಗೆ ಓಡಾಡುವವರಿಗೆ ಇಪ್ಪತ್ತೊಂದು ಗೇರ್ ಬೇಕಿಲ್ಲ. ಘಾಟಿ ಹತ್ತುವ ಆಸೆಯಿದ್ದರೆ ಚಿಕ್ಕ ಗೇರು ಎಷ್ಟು ಚಿಕ್ಕದು ಅಂತ ಹಲ್ಲು ಎಣಿಸಿ ಕೊಳ್ಳಿ. ಬ್ರೇಕು ವೈರಿನದಿರಲಿ, ಟೈರು ಹತ್ತಿರದ ಅಂಗಡಿಯಲ್ಲಿ ಸಿಗುವ ಅಳತೆಯದಿರಲಿ. ದುಡ್ಡು ಕೊಡುವ ಮೊದಲು ಮನೆಯ ಸುತ್ತ ಒಂದು ಕಿಲೋಮೀಟರ್ ನಡೆದು, ರಿಪೇರಿಯವರು ಯಾರಿದ್ದಾರೆ ನೋಡಿ. ಇದ್ದರೆ ಸೈಕಲ್ ಕೊಂಡ ಮಾರನೆಯ ದಿನವೇ ಅವರ ಹತ್ತಿರ ಒಯ್ದು ನಟ್ಟು ಬೋಲ್ಟು ಬಿಗಿ ಮಾಡಿಸಿ, ಕೇಳಿದಷ್ಟು ಕೊಡಿ, ಚೌಕಾಸಿ ಬೇಡ. ಅವರು ಅಲ್ಲಿ ಕೂತಿದ್ದರೆ ನಿಮ್ಮದೂ ಓಡುತ್ತದೆ, ನಿಮ್ಮ ವಾಚ್‌ಮನ್‌ನದೂ ಓಡುತ್ತದೆ.